ಸಂಸ್ಥೆಯ ಮಾನವೋ, ಮಗುವಿನ ರಕ್ಷಣೆಯೋ?

ಶಾಲೆ, ವಸತಿಗೃಹ, ಭಜನಾಮಂಡಳಿ, ಬೇಸಿಗೆಯ ಸಂಸ್ಕಾರ ಶಿಬಿರ ಎಂದೊಡನೆ ಊರು ಬಿಟ್ಟು ಬಂದ ನಾವು ನಿಶ್ಚಿಂತರಾಗಿ ಮಕ್ಕಳನ್ನು ಒಪ್ಪಿಸುತ್ತೇವೆ. ಪರಸ್ಥಳದಲ್ಲಿ 'ನಮ್ಮವರು' ಎಂಬ ಭಾವನೆಯೇ ನಮಗೆ ಭರವಸೆ. ಆ ಭರವಸೆಯೇ ಮಗುವಿನ ಬಾಯಿ ಕಟ್ಟುವುದಾದರೆ? ಅಹಿತಕರವಾದರೂ ಈ ಪ್ರಶ್ನೆಯನ್ನು ನಾವು ವಿಚಾರಿಸಲೇಬೇಕು.

ಸಂಸ್ಥೆಗಳೊಳಗೆ ಮಕ್ಕಳ ಮೇಲೆ ನಡೆದ ಲೈಂಗಿಕ ದೌರ್ಜನ್ಯವನ್ನು ಕುರಿತು ಆಸ್ಟ್ರೇಲಿಯದಲ್ಲಿ 2013ರಲ್ಲಿ ನೇಮಕಗೊಂಡ ರಾಯಲ್ ಕಮಿಷನ್, ಎಂಟು ಸಾವಿರ ಮಂದಿಯ ಅಳಲನ್ನು ಏಕಾಂತದಲ್ಲಿ ಆಲಿಸಿ, 2017ರ ಡಿಸೆಂಬರಿನಲ್ಲಿ 17 ಸಂಪುಟಗಳ ಅಂತಿಮ ವರದಿಯನ್ನೊಪ್ಪಿಸಿತು. ಚರ್ಚುಗಳಲ್ಲದೆ ಸರಕಾರಿ ಬಾಲಗೃಹ, ಶಾಲೆ, ಕ್ರೀಡಾಸಂಘ, ಯೆಹೂದ್ಯರ ವಿದ್ಯಾಲಯ, ಭಾರತೀಯ ಪರಂಪರೆಯ ಯೋಗಾಶ್ರಮವೊಂದು ಸಹ ವಿಚಾರಣೆಗೊಳಗಾದವು. ಮತ ಬೇರೆ, ವೇಷ ಬೇರೆ. ಕಂಡ ದೋಷ ಒಂದೇ. ಮಗುವಿನ ಮಾತನ್ನು ನಂಬಲಿಲ್ಲ. ದೂರನ್ನು ಪೊಲೀಸರಿಗೆ ತಿಳಿಸದೆ ಒಳಗೇ ಮುಚ್ಚಿದರು. ಆರೋಪಿತನನ್ನು ಮತ್ತೊಂದು ಊರಿಗೆ ವರ್ಗಾಯಿಸಿದರು. ನೊಂದವರಿಗೆ ಬಾಯಿ ಬಿಡಲು ಸರಾಸರಿ ಸುಮಾರು 24 ವರ್ಷ ಹಿಡಿಯಿತು.

ಮುಚ್ಚಿದವರೆಲ್ಲ ದುಷ್ಟರೆನ್ನಲಾಗದು. ಸಂಸ್ಥೆಯ ಮೇಲಿನ ಗೌರವದಿಂದಲೇ ಹಾಗೆ ಮಾಡಿದವರುಂಟು. ಆದರೆ ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಸ್ವತಂತ್ರನಾಗಿ ಸರ್ವದೋಷದೂರನಾದವನು ಶ್ರೀಹರಿಯೊಬ್ಬನೇ. ಜೀವರಿಂದ ನಡೆಯುವ ವ್ಯವಸ್ಥೆಯಲ್ಲಿ ದೋಷ ಸಂಭವನೀಯ. 'ನಮ್ಮಲ್ಲಿ ಇಂಥದ್ದು ನಡೆಯಲಾರದು' ಎನ್ನುವುದು ಹರಿಗೆ ಮೀಸಲಾದ ಗುಣವನ್ನು ಮನುಷ್ಯರಿಗೆ ಆರೋಪಿಸಿದಂತೆ. ಅದನ್ನು ಭಕ್ತಿಯೆಂದು ಕರೆಯಲಾಗದು.

'ಎಲ್ಲ ಅವರವರ ಪ್ರಾರಬ್ಧ' ಎಂಬ ಸಮಾಧಾನವೂ ಸಲ್ಲದು. ಮಗುವಿನ ಪ್ರಾರಬ್ಧ ನಮಗೆ ಅಗೋಚರ. ನಮ್ಮ ಕರ್ತವ್ಯವಾದರೋ ಕಣ್ಣ ಮುಂದಿದೆ. ಶಂಡಾಮರ್ಕರು ಬಾಲಕ ಪ್ರಹ್ಲಾದನ ಗುರುಗಳಾಗಿದ್ದರೂ ಅರಮನೆಯ ಮರ್ಜಿಯನ್ನು ಕಾಯ್ದರು, ಮಗುವನ್ನು ಕಾಯಲಿಲ್ಲ. ಅದೇ ಮಗುವಿನ ಮಾತನ್ನು ಸತ್ಯವಾಗಿಸಲು ಭಗವಂತನು ಕಂಬದಿಂದ ಹೊರಬಂದನು.

ನಮ್ಮ ದೇಶದಲ್ಲಿಯೂ 2012ರ ಪೋಕ್ಸೊ ಕಾಯಿದೆಯ ಪ್ರಕಾರ ಇಂಥ ಅಪರಾಧ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದು ಶಿಕ್ಷಾರ್ಹ. ಸಂಸ್ಥೆಯ ಮುಖ್ಯಸ್ಥರಿಗೆ ಶಿಕ್ಷೆ ಇನ್ನೂ ಹೆಚ್ಚು. ಹಿರಿಯರ ಸಮ್ಮುಖದಲ್ಲಿ ರಾಜಿ ಮಾಡಿಸಿ ಮುಗಿಸುವಂತಿಲ್ಲ. ಮಕ್ಕಳ ಸಹಾಯವಾಣಿ 1098 ಹಗಲಿರುಳೂ ಲಭ್ಯ.

ಆದುದರಿಂದ ಪಾಠ-ಶಿಬಿರಗಳಲ್ಲಿ ಯಾರೇ ಆಗಲಿ, ಎಷ್ಟೇ ಪೂಜ್ಯರಾಗಲಿ, ಮುಚ್ಚಿದ ಕೋಣೆಯಲ್ಲಿ ಮಗುವಿನೊಡನೆ ಒಬ್ಬರೇ ಇರದಂತೆ ನಿಯಮ ಮಾಡಿಕೊಳ್ಳೋಣ. 'ಅಲ್ಲಿಗೆ ಹೋಗಲಾರೆ' ಎಂದು ಮಗು ಅತ್ತರೆ ಗದರಿಸದೆ ಕಾರಣ ಕೇಳೋಣ. ಮಗುವನ್ನು ಕಾಯ್ದ ಸಂಸ್ಥೆಗೆ ಮಾನ ತಾನಾಗಿಯೇ ಒದಗುತ್ತದೆ. ಮಗುವನ್ನು ಬಲಿಕೊಟ್ಟು ಉಳಿಸಿಕೊಂಡ ಮಾನ ಹರಿಗೆ ಒಪ್ಪಿಸಲು ಯೋಗ್ಯವಲ್ಲ.

ಶ್ರೀಕೃಷ್ಣಾರ್ಪಣಮಸ್ತು