ನೋಡುವುದು ಯಾರು? ಟ್ರೈಫೋಕಲ್ ಮಸೂರ ಎತ್ತುವ ಪ್ರಶ್ನೆ

ಕಣ್ಣಿನ ಪೊರೆ ತೆಗೆದ ಮೇಲೆ ಕೂರಿಸುವ ಟ್ರೈಫೋಕಲ್ ಮಸೂರದ ಮೇಲೆ ಅತಿ ಸೂಕ್ಷ್ಮವಾದ ವರ್ತುಲಾಕಾರದ ಮೆಟ್ಟಿಲುಗಳಿರುತ್ತವೆ. ವಿವರ್ತನೆಯ ಮೂಲಕ ಅವು ಬೆಳಕನ್ನು ಮೂರು ಪಾಲು ಮಾಡುತ್ತವೆ: ದೂರಕ್ಕೆ, 60ರಿಂದ 80 ಸೆಂ.ಮೀ. ನಡುದೂರಕ್ಕೆ, ಸುಮಾರು 40 ಸೆಂ.ಮೀ. ಓದಿಗೆ. ಕನ್ನಡಕದ ಅವಲಂಬನೆ ಬಹಳ ತಗ್ಗುತ್ತದೆ ನಿಜ. ಆದರೆ ಮಬ್ಬುಬೆಳಕಿನಲ್ಲಿ ಸ್ಪಷ್ಟತೆ ಕುಗ್ಗಬಹುದು, ರಾತ್ರಿ ದೀಪಗಳ ಸುತ್ತ ಪ್ರಭೆ ಕಾಣಬಹುದು.

ಮೂರು ಬಿಂಬಗಳೂ ಏಕಕಾಲಕ್ಕೆ ಅಕ್ಷಿಪಟಲದ ಮೇಲೆ ಬೀಳುತ್ತವೆ. ಒಂದು ಸ್ಪಷ್ಟ, ಉಳಿದವು ಮಸುಕು. ಬೇಕಾದ್ದನ್ನು ಆರಿಸಿ ಉಳಿದದ್ದನ್ನು ಕಡೆಗಣಿಸುವುದು ಮಿದುಳು. ಈ ರೂಢಿಗೆ ಕೆಲವರಿಗೆ ತಿಂಗಳುಗಳೇ ಬೇಕು. ಹಾಗಾದರೆ ನೋಡುವುದು ಯಾರು? ಶೃಂಗೇರಿಯ ಭಾರತೀತೀರ್ಥರದೆಂದು, ಕೆಲವರ ಪ್ರಕಾರ ಶಂಕರರದೆಂದು ಹೇಳಲಾಗುವ ‘ದೃಗ್ದೃಶ್ಯವಿವೇಕ’ ಎಂಬ ಅದ್ವೈತ ಗ್ರಂಥ ಹಂತಹಂತವಾಗಿ ಉತ್ತರಿಸುತ್ತದೆ: ರೂಪವನ್ನು ನೋಡುವುದು ಕಣ್ಣು, ಕಣ್ಣನ್ನು ಮನಸ್ಸು, ಮನಸ್ಸನ್ನು ಸಾಕ್ಷಿ (ಅರಿವು), ಸಾಕ್ಷಿಯನ್ನು ನೋಡುವವರಿಲ್ಲ. ಕಣ್ಣಿನ ಮಂಕು, ಚುರುಕುಗಳನ್ನು ಗುರುತಿಸುವುದು ಮನಸ್ಸೇ ಎಂಬ ಮಾತೂ ಅಲ್ಲಿದೆ. ಮೊದಲೆರಡು ಹಂತಗಳಿಗೆ ಈ ಮಸೂರ ಒಳ್ಳೆಯ ನಿದರ್ಶನ. ಮೂರನೆಯದಕ್ಕಲ್ಲ, ನರವಿಜ್ಞಾನವನ್ನು ಅದ್ವೈತದ ಪುರಾವೆಯಾಗಿ ಮುಂದಿಡುವುದು ಅವಸರವೇ ಸರಿ. ಮಿದುಳಿನ ಹೊಂದಾಣಿಕೆಯನ್ನು ಪರೀಕ್ಷಿಸಿ ಅಳೆಯಬಹುದು. ಸಾಕ್ಷಿ ಅಳತೆಗೆ ಸಿಗುವ ವಸ್ತುವೆಂದು ಆ ಗ್ರಂಥವೂ ಹೇಳುವುದಿಲ್ಲ.