ಕತ್ತಲಲ್ಲಿ ಬಿಳಿ ಚುಕ್ಕೆ

ರೈಫಲ್ಲಿನ ಹಗಲಿನ ಸ್ಕೋಪನ್ನು ಬಿಚ್ಚುವ ಕೆಲಸವಿಲ್ಲ. ಅದರ ಮುಂದೆ ಇನ್ನೊಂದು ಕೊಳವೆ ಸಿಕ್ಕಿಸಿದರೆ ರಾತ್ರಿಯೂ ಗುರಿ ಕಾಣುತ್ತದೆ. ಇದಕ್ಕೆ ‘ಕ್ಲಿಪ್-ಆನ್’ ಎನ್ನುತ್ತಾರೆ. ಹಗಲಲ್ಲಿ ಗುಂಡು ಹಾರಿಸಿ ಹೊಂದಿಸಿಕೊಂಡ ಗುರಿ, ಅಂದರೆ ‘ಝೀರೋ’, ಕೆಡದೆ ಉಳಿಯುವುದೇ ಇದರ ಲಾಭ. 1945ರಲ್ಲಿ ಒಕಿನಾವಾ ದ್ವೀಪದಲ್ಲಿ ಅಮೆರಿಕದ ಸೈನಿಕರು ಇನ್‌ಫ್ರಾರೆಡ್ ದೀಪ ಕೂರಿಸಿದ ಕಾರ್ಬೈನ್ ಹಿಡಿದು, ಅದರ ಬ್ಯಾಟರಿಯನ್ನು ಬೆನ್ನಿಗೆ ಹೊತ್ತು ಹೊರಡುತ್ತಿದ್ದರು. ಈಗ ಬೆಂಗಳೂರಿನ ಕಂಪನಿಗಳೇ ಶಾಖವನ್ನೇ ನೋಡುವ ಅಂಗೈಯಗಲದ ಥರ್ಮಲ್ ಸ್ಕೋಪ್ ತಯಾರಿಸುತ್ತಿವೆ. ಗಡಿ ಕಾಯುವವರಿಗೆ ಅದು ಬೇಕೇ ಬೇಕು, ತಕರಾರಿಲ್ಲ.

ನನ್ನ ಚಿಂತೆ ಇರುವುದು, ಕಳ್ಳಬೇಟೆ ತಡೆಯುವವರ ಬಂದೂಕಿಗೂ ಇದನ್ನು ಸಿಕ್ಕಿಸಿದರೆ ಬಾಗಲಕೋಟೆ ಜಿಲ್ಲೆಯ ಹೊಲದ ರಾತ್ರಿ ಏನಾದೀತು ಎಂಬ ಬಗ್ಗೆ.

ಬೀಳಗಿ, ಮುಧೋಳ ತಾಲ್ಲೂಕುಗಳ ನಡುವೆ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮವಿದೆ. 2016ರಲ್ಲಿ ಘೋಷಣೆಯಾದದ್ದು, ವಿಸ್ತಾರ ಸುಮಾರು 96 ಚದರ ಕಿಲೋಮೀಟರ್. ಚಿಂಕಾರ ಭುಜದವರೆಗೆ ಹೆಚ್ಚೆಂದರೆ 65 ಸೆಂಟಿಮೀಟರ್ ಎತ್ತರದ ಪ್ರಾಣಿ. ಪಕ್ಕದ ಊರಿನ ಹೆಸರು ಹೊತ್ತ ಮುಧೋಳ ನಾಯಿಯೂ ಹೆಚ್ಚುಕಡಿಮೆ ಅಷ್ಟೇ ಎತ್ತರ, ಅದರದೂ ಸಣಕಲು ಕಾಲು. ಕುರಿ, ಆಡುಗಳೂ ಅದೇ ಅಳತೆಯ ಆಸುಪಾಸಿನವು. ಥರ್ಮಲ್ ಪರದೆಯ ಮೇಲೆ ದೂರದಿಂದ ಇವೆಲ್ಲ ಒಂದೇ ಬಿಳಿ ಚುಕ್ಕೆ.

ಇದಕ್ಕೊಂದು ಹಳೆಯ ಲೆಕ್ಕವಿದೆ. ಅಮೆರಿಕದ ಸೇನೆಯ ವಿಜ್ಞಾನಿ ಜಾನ್ ಜಾನ್ಸನ್ 1958ರಲ್ಲಿ ಹಾಕಿದ್ದು. ಅಲ್ಲೇನೋ ಇದೆ ಎಂದು ತಿಳಿಯಲು ಗುರಿಯ ಕಿರಿಯ ಅಳತೆಯಲ್ಲಿ ಕಪ್ಪು-ಬಿಳಿ ಗೆರೆಗಳ 1 ಜೋಡಿ ಕಂಡರೆ ಸಾಕು. ಅದು ಮನುಷ್ಯನೋ ಪ್ರಾಣಿಯೋ ಎನ್ನಲು 4 ಜೋಡಿ ಬೇಕು. ಇಂಥದ್ದೇ ಎಂದು ಗುರುತಿಸಲು 6.4. ಅದೂ 100ಕ್ಕೆ 50 ಸಲ ಸರಿಹೋಗುವ ಲೆಕ್ಕ! ಅಂದರೆ ಉಪಕರಣ 1 ಕಿಲೋಮೀಟರ್ ದೂರದಲ್ಲಿ ಚುಕ್ಕೆ ತೋರಿಸಿದರೆ, ಆ ಚುಕ್ಕೆ ಏನೆಂದು ಹೇಳಲು ಸುಮಾರು 150 ಮೀಟರ್‌ವರೆಗೆ ಹೋಗಬೇಕು. ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಬರುವುದು ಮೊದಲನೆಯ ದೂರ. ಹಿಂದಿರುವ ಹಗಲಿನ ಸ್ಕೋಪನ್ನು ಎಷ್ಟು ಪಟ್ಟು ತಿರುಗಿಸಿದರೂ ಮುಂದಿನ ಕೊಳವೆ ಕೊಟ್ಟ ಚುಕ್ಕೆಯೇ ದೊಡ್ಡದಾಗುತ್ತದೆ, ಹೊಸ ವಿವರ ಎಲ್ಲಿಂದಲೂ ಬರುವುದಿಲ್ಲ.

ನಮ್ಮ ನೆಲವೂ ಇದಕ್ಕೆ ಒಗ್ಗುವಂಥದ್ದಲ್ಲ. ಏಪ್ರಿಲ್ ತಿಂಗಳಲ್ಲಿ ಬಾದಾಮಿಯ ಮರಳುಗಲ್ಲಿನ ಗುಡ್ಡ ಹಗಲೆಲ್ಲ ಕುಡಿದ ಬಿಸಿಲನ್ನು ಕತ್ತಲಾದ ಮೇಲೂ ಬಹಳ ಹೊತ್ತು ಬಿಡುತ್ತಲೇ ಇರುತ್ತದೆ. ಇಳಕಲ್ಲಿನ ಗ್ರಾನೈಟ್ ಕ್ವಾರಿಯ ಬಂಡೆಯೂ ಅಷ್ಟೆ. ಶಾಖ ನೋಡುವ ಕಣ್ಣಿಗೆ ಆ ಬಂಡೆ ಹೊಳೆಯುತ್ತದೆ, ಅದರ ಮುಂದೆ ನಿಂತ ಜೀವ ಮಸುಕಾಗುತ್ತದೆ. ಇನ್ನು ಚಳಿಗಾಲಕ್ಕೆ ಬನ್ನಿ. ಹುನಗುಂದದ ಎರೆಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿ, ಮಗ್ಗುಲಲ್ಲೇ ಕಂಬಳಿ ಹೊದ್ದು ಕೂತ ಕುರುಬರ ಹಿರಿಯನನ್ನು ನೆನೆಸಿಕೊಳ್ಳಿ. ಉಣ್ಣೆಯ ಕಂಬಳಿ ಮೈಯ ಬಿಸಿಯನ್ನು ಹೊರಬಿಡದಿರುವುದಕ್ಕೇ ಇರುವುದು. ಹಾಗಾಗಿ ಪರದೆಯ ಮೇಲೆ ಮನುಷ್ಯನ ಆಕಾರ ಮೂಡುವುದಿಲ್ಲ. ಮುಖದಷ್ಟೇ ಬಿಳುಪು, ಅದೂ ಕುರಿಗಳ ಬಿಳುಪಿನ ನಡುವೆ. ತ್ರೀ-ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂತೆಂದು ಪಂಪ್‌ಸೆಟ್ ಚಾಲೂ ಮಾಡಲು ಹೋದವನು, ಹಂದಿ ಕಾಯಲು ಕೂತವನು, ಕಬ್ಬಿಗೆ ನೀರು ತಿರುವುತ್ತ ಬಗ್ಗಿದವನು. ಈ ಸೀಮೆಯ ಹೊಲಗಳು ರಾತ್ರಿ ಖಾಲಿಯಿರುವುದಿಲ್ಲ.

ಹೊಲದಲ್ಲಿ ಸಪ್ಪಳವಾದರೆ ನಮ್ಮವರು ಮೊದಲು ಮಾಡುವುದು ಕೂಗುವುದು. “ಯಾರಾವ ಅಂವಾ?” “ನಾನs ಕಾಕಾ, ನೀರ್ ಬಿಡಾಕ ಬಂದೀನಿ.” ದನಿ ಕೇಳಿದರೆ ಮನೆತನವೇ ಗೊತ್ತಾಗುತ್ತದೆ. 800 ಮೀಟರ್ ದೂರದಿಂದ ಕೊಳವೆಯಲ್ಲಿ ಕಣ್ಣಿಟ್ಟವನಿಗೆ ಕೂಗುವ ದಾರಿಯಿಲ್ಲ, ಕೂಗಿದರೂ ಕೇಳಿಸದು. ಅಲ್ಲದೆ ಗುಂಡು ಅಷ್ಟು ದೂರ ಹೋಗಲು ಒಂದು ಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತದೆ. ಬಗ್ಗಿದ್ದವನು ಎದ್ದು ನಿಲ್ಲಲು ಅಷ್ಟು ಹೊತ್ತು ಸಾಕು.

ಚಿಂಕಾರ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಅದರ ಬೇಟೆ ಅಪರಾಧ. ಅದರಲ್ಲಿ ಎರಡು ಮಾತಿಲ್ಲ. ಕಳ್ಳಬೇಟೆ ತಡೆಯುವವರಿಗೆ ಕತ್ತಲಲ್ಲಿ ಕಾಣುವ ಕಣ್ಣು ಬೇಕು ಎಂಬುದೂ ನಿಜ. ಹಾಗೆ ಕೊಡುವುದಾದರೆ ಅದನ್ನು ಕೈಯಲ್ಲಿ ಹಿಡಿಯುವ ದುರ್ಬೀನಾಗಿ ಕೊಡಲಿ ಎಂಬುದು ನನ್ನ ಅಭಿಪ್ರಾಯ. ಬಂದೂಕಿಗೆ ಸಿಕ್ಕಿಸಿದ ಕಣ್ಣಿನದು ಒಂದು ವಿಚಿತ್ರ ಕಟ್ಟಳೆ: ಏನೆಂದು ನೋಡಬೇಕಾದರೂ ಮೊದಲು ನಳಿಗೆಯನ್ನು ಅತ್ತ ತಿರುಗಿಸಬೇಕು. ದುರ್ಬೀನು ಹಿಡಿದ ಗಾರ್ಡ್ ಚುಕ್ಕೆ ಕಂಡರೆ ವಾಕಿಟಾಕಿಯಲ್ಲಿ ಹೇಳುತ್ತಾನೆ, ಜೀಪು ಹತ್ತಿರ ಹೋಗುತ್ತದೆ, ಟಾರ್ಚು ಬೀಳುತ್ತದೆ. ಅಲ್ಲಿ ನೀರು ಬಿಡಲು ಬಂದ ಕಾಕಾ ನಿಂತಿದ್ದರೆ ಒಂದಿಷ್ಟು ಬೈಗುಳ ತಿಂದು ಎಲ್ಲರೂ ವಾಪಸಾಗುತ್ತಾರೆ.