ಮಡಿ ಮುರಿದ ಎಲೆ

ಹಿಂದೆಲ್ಲ ಸರ್ವರ್ ಕೋಣೆಗೆ ಕಾಲಿಡಬೇಕಾದರೆ ಏಪ್ರಿಲ್ ಬಿಸಿಲಲ್ಲೂ ಸ್ವೆಟರ್ ಬೇಕಾಗುತ್ತಿತ್ತು. ಚಪ್ಪಲಿ ಹೊರಗೆ ಬಿಡಬೇಕು, ತೆರೆದ ಬಾಗಿಲನ್ನು ತಟ್ಟನೆ ಮುಚ್ಚಬೇಕು, ಧೂಳು ಸುಳಿಯಕೂಡದು. ನಮ್ಮಜ್ಜಿಯ ಅಡುಗೆಮನೆಗೂ ಅಷ್ಟು ಮಡಿ ಇರಲಿಲ್ಲ.

ಆ ಮಡಿಯನ್ನು ಅಮೆರಿಕದಲ್ಲಿ ಒಂದು ಗುಡಾರ ಮುರಿಯಿತು. 2007ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್‌ನ ಇಬ್ಬರು ಎಂಜಿನಿಯರುಗಳು ಐದು ಸರ್ವರುಗಳನ್ನು ಬಯಲ ಗುಡಾರದಲ್ಲಿ ಕೂರಿಸಿದರು. ಏಸಿ ಇಲ್ಲ, ಬರೀ ಹೊರಗಿನ ಗಾಳಿ. ನೀರು ರ‍್ಯಾಕಿನ ಮೇಲೆ ತೊಟ್ಟಿಕ್ಕಿತು. ಬಿರುಗಾಳಿಗೆ ಬೇಲಿಯ ತುಂಡೊಂದು ಬಂದು ಬಡಿಯಿತು. ಒಂದು ಎಲೆಯಂತೂ ಫ್ಯಾನಿನ ಸೆಳೆತಕ್ಕೆ ಸಿಕ್ಕಿ ಸರ್ವರಿನ ಮೂತಿಗೇ ಅಂಟಿಕೊಂಡಿತು. ಮುಂದಿನ ಜೂನ್‌ವರೆಗೆ ಒಂದೂ ಕೆಡಲಿಲ್ಲ! ಇದನ್ನು ಓದಿದ ದಿನ ಆ ಸ್ವೆಟರ್ ನೆನಪಾಗಿ ನಗು ಬಂತು. ಚಳಿ ಬೇಕೆಂದು ಯಂತ್ರ ಯಾವತ್ತು ಕೇಳಿತ್ತು?

ಒಳಹೋಗುವ ಗಾಳಿ 27 ಡಿಗ್ರಿ ಸೆಲ್ಸಿಯಸ್ ಇದ್ದರೂ ನಡೆಯುತ್ತದೆ ಎಂಬುದು ಈಗ ಸರ್ವರ್ ತಣಿಸುವ ಕಸುಬಿನವರೇ ಒಪ್ಪಿಕೊಂಡ ಲೆಕ್ಕ. ಬೆಂಗಳೂರಿನ ಆಷಾಢದ ಸಂಜೆ ಅದಕ್ಕಿಂತ ತಂಪು. ಸರ್ವರಿಗೆ ಬೇಕಾದದ್ದು ತನ್ನ ಬಿಸಿಯನ್ನು ಹೊತ್ತೊಯ್ಯುವ ಒಬ್ಬ ಆಳು, ಅಷ್ಟೇ. ಅದು ಕುಡಿದ ಕರೆಂಟೆಲ್ಲ ಕೊನೆಗೆ ಬಿಸಿಯೇ ಆಗುತ್ತದೆ. ಯಾರೋ ಕಳಿಸಿದ ಮದುವೆ ಫೋಟೋ, ಶುಭೋದಯದ ಗುಲಾಬಿ, ಎಲ್ಲವೂ ಎಲ್ಲೋ ಒಂದು ಪೆಟ್ಟಿಗೆಯ ಬೆನ್ನಿಂದ ಬೆಚ್ಚನೆಯ ಉಸಿರಾಗಿ ಹೊರಬರುತ್ತವೆ.

ನ್ಯೂಯಾರ್ಕ್ ರಾಜ್ಯದ ಲಾಕ್‌ಪೋರ್ಟ್‌ನಲ್ಲಿ 2010ರಲ್ಲಿ ಯಾಹೂ ಕಟ್ಟಿದ ಡೇಟಾ ಕೇಂದ್ರ ನೋಡಲು ಥೇಟ್ ಕೋಳಿಗೂಡು, ಕರೆಯುವುದೂ ಹಾಗೇ. ಪಕ್ಕದ ಗೋಡೆಗಳಿಂದ ತಂಪುಗಾಳಿ ಬರುತ್ತದೆ, ಬಿಸಿಗಾಳಿ ಮೇಲೇರಿ ಮಾಡಿನ ನೆತ್ತಿಯಿಂದ ಹೊರಟುಹೋಗುತ್ತದೆ. ಹಂಚಿನ ಮನೆಯ ಗವಾಕ್ಷಿಯಲ್ಲಿ ಒಲೆಯ ಹೊಗೆ ಹಿಡಿಯುತ್ತಿದ್ದ ದಾರಿಯೇ ಅದು.

ಹಾಗೆಂದು ಗಾಳಿಯನ್ನು ಪೂರ್ತಿ ನಂಬುವಂತೆಯೂ ಇಲ್ಲ. ಆರೆಗಾನ್‌ನ ಪ್ರೈನ್‌ವಿಲ್‌ನಲ್ಲಿ ಫೇಸ್‌ಬುಕ್‌ನವರು ಒಣಗಾಳಿಗೆ ನೀರು ಸೋಕಿಸಿ ತಣಿಸುತ್ತಾರೆ. ಬೇಸಿಗೆಯಲ್ಲಿ ಲಾವಂಚದ ತಟ್ಟಿಗೆ ನೀರು ಚಿಮುಕಿಸುವ ಯುಕ್ತಿ. 2011ರಲ್ಲಿ ನಿಯಂತ್ರಣ ತಪ್ಪಿ, ಒಳಗೆ ತೇವ ಏರಿ, ಸರ್ವರುಗಳ ಮೇಲೆ ಹನಿಗಟ್ಟಿ ಕೆಲವು ನಿಂತೇಹೋದವು. ಕ್ಲೌಡ್‌ನೊಳಗೆ ನಿಜವಾದ ಮೋಡ!

ಸ್ವೀಡನ್ನಿನ ಲೂಲಿಯೊದಲ್ಲಿ, ಆರ್ಕ್ಟಿಕ್ ವೃತ್ತದ ಹತ್ತಿರ, 2013ರಲ್ಲಿ ಅದೇ ಕಂಪನಿ ಇನ್ನೊಂದು ಕೇಂದ್ರ ತೆರೆಯಿತು. ಚಳಿಗಾಲದಲ್ಲಿ ಅಲ್ಲಿ ಗಾಳಿಯೇ ಹಿಮದಂತಿರುತ್ತದೆ. ಸರ್ವರುಗಳ ಬಿಸಿಯಲ್ಲಿ ಒಂದಿಷ್ಟನ್ನು ಕಚೇರಿಯ ಕೋಣೆಗಳಿಗೆ ತಿರುಗಿಸುತ್ತಾರೆ. ಹೊರಗೆ ಹಿಮ ಬೀಳುತ್ತಿರುವಾಗ, ಯಾರದೋ ಗುಲಾಬಿಯ ಕಾವಿನಲ್ಲಿ ಒಬ್ಬರು ಸ್ವೆಟರ್ ಕಳಚಿ ಕುರ್ಚಿಗೆ ಹಾಕುತ್ತಿರಬಹುದು.